ಅಪ್ಪನ ಒಪ್ಪಿಗೆ

ಇಳಕಲ್
೧೮ ಮೇ ೨೦೨೫

ಪ್ರೀತಿಯ ಜರೀನಾ,

ನಿನ್ನ ಒಂದು ವಾಯ್ಸ್ ಮೆಸೇಜಿಗೂ ನಾನು ಉತ್ತರ ಕೊಡಲಿಲ್ಲ. ಬೈದುಕೊಂಡಿರುತ್ತೀ, ಬೈಯಿ. ಫೋನಿನಲ್ಲಿ ಮಾತಾಡುವಾಗ ಮಗಳು ನೀಲಾ ಪಕ್ಕದಲ್ಲೇ ಇರುತ್ತಾಳೆ. ಅವಳ ಅಪ್ಪನ ವಿಷಯ ಅವಳೆದುರು ಆಡಲು ನನಗೆ ಮನಸ್ಸಿರಲಿಲ್ಲ. ನಿನ್ನ ಅಮ್ಮ ಕಾಸಿಂಬಿ ಚಾಚಿ ಅಮೀನಗಡದ ಕರದಂಟು ಕಳಿಸುತ್ತಿದ್ದಾರಲ್ಲ, ಆ ಡಬ್ಬಿಯ ಜೊತೆಗೇ ಈ ಕಾಗದ ಇಡಲು ಕೊಡುತ್ತಿದ್ದೇನೆ. ಅವರ ಮಂಡಿನೋವು ಎಷ್ಟೋ ಕಡಿಮೆಯಾಗಿದೆ. ಮೊನ್ನೆ ನಮ್ಮ ದವಾಖಾನೆಗೆ ನಡೆದೇ ಬಂದಿದ್ದರು.

ಡಬ್ಲಿನ್ನಿನ ನಿನ್ನ ಆಸ್ಪತ್ರೆಯಲ್ಲಿ ನನಗೆ ನರ್ಸ್ ಕೆಲಸ ಸಿಕ್ಕಿ, ವೀಸಾ ಕೂಡ ಬಂದಾಗ ನಾವಿಬ್ಬರೂ ಎಷ್ಟು ನಕ್ಕಿದ್ದೆವು! ನರ್ಸಿಂಗ್ ಓದುವಾಗ ವಿದ್ಯಾಗಿರಿಯ ಹಾಸ್ಟೆಲಿನಲ್ಲಿ ನಕ್ಕ ಹಾಗೆ. ಅದಾದ ಮೇಲೆ ನೀಲಾಳ ವೀಸಾಕ್ಕೆಂದು ಬೆಂಗಳೂರಿಗೆ ಹೋದೆ. ಕೌಂಟರಿನ ಹುಡುಗಿ ಫೈಲನ್ನು ನನ್ನ ಕಡೆ ವಾಪಸ್ ಸರಿಸಿದಳು.

"ತಂದೆ ಬದುಕಿದ್ದಾರಲ್ಲ ಮೇಡಂ? ಅವರ ಒಪ್ಪಿಗೆ ಪತ್ರ ಬೇಕು, ನೋಟರಿ ಮಾಡಿಸಿ."

"ಅವರು ನಮ್ಮ ಜೊತಿ ಇಲ್ರಿ."

"ಹಾಗಾದ್ರೆ ಮಗು ನಿಮ್ಮ ವಶಕ್ಕೆ ಅಂತ ಕೋರ್ಟ್ ಆರ್ಡರ್ ಕೊಡಿ."

ಎಲ್ಲಿಂದ ತರಲಿ ಜರೀನಾ? ನೈಟ್ ಡ್ಯೂಟಿ ಮಾಡುವ ಸೊಸೆ ಬೇಡವೆಂದು ಗಂಡನ ಮನೆಯವರು ನನ್ನನ್ನು ಹೊರಗೆ ಹಾಕಿದಾಗ ನೀಲಾ ಇನ್ನೂ ತೊದಲು ಮಾತಾಡುತ್ತಿದ್ದಳು. ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, ಬಾಯಿಮಾತಿನಲ್ಲೇ ಸಂಬಂಧ ಮುಗಿಸಿದರು, ಕೋರ್ಟಿನ ಡೈವೋರ್ಸ್ ಆಗಲೇ ಇಲ್ಲ. ಆಮೇಲೆ ನನ್ನ ಗಂಡ ಶಿವಪ್ರಕಾಶ ಒಂದು ದಿನವೂ ಇತ್ತ ತಲೆ ಹಾಕಲಿಲ್ಲ. ಅವಳಿಗೆ ಡೆಂಗಿ ಬಂದಾಗ ಯಾರೂ ಅವನ ಒಪ್ಪಿಗೆ ಕೇಳಲಿಲ್ಲ. ಶಾಲೆಗೆ ಸೇರಿಸುವಾಗ ಕೇಳಲಿಲ್ಲ, ಅವಳು ಅಪ್ಪ ಯಾಕೆ ಬರುವುದಿಲ್ಲವೆಂದು ಅತ್ತಾಗಲೂ ಕೇಳಲಿಲ್ಲ. ವಿಮಾನ ಹತ್ತುವ ಹೊತ್ತಿಗೆ ಅವನು ತಂದೆಯಾದ! ಮಕ್ಕಳನ್ನು ಕದ್ದೊಯ್ಯಬಾರದೆಂದೇ ಆ ಕಾನೂನು ಇದೆ ಅನ್ನುತ್ತೀ. ಒಪ್ಪಿದೆ. ಆದರೆ ಎಸೆದು ಹೋದವನ ಬಾಗಿಲಿಗೆ ಸಾಕಿದವಳು ಹೋಗಿ ಕೈಯೊಡ್ಡಬೇಕಲ್ಲ!

ಹೋದೆ. ಬಾದಾಮಿ ಪಕ್ಕದ ಚೊಳಚಗುಡ್ಡದಲ್ಲಿ, ಗುಡಿಯ ಹತ್ತಿರ ಅವನ ಖಾನಾವಳಿ ಇದೆ. ಇನ್ನೊಬ್ಬಳ ಜೊತೆ ಅಲ್ಲೇ ಸಂಸಾರ. ನನ್ನ ಅತ್ತೆ ಗುರುಲಿಂಗವ್ವ ಬಾ, ಕೂತುಕೋ ಅನ್ನುವುದಕ್ಕೂ ಮೊದಲೇ ಶುರು ಮಾಡಿದಳು.

"ಹೆಣ್ಣ ಕೂಸನ್ನ ಪರದೇಶಕ್ಕ ಒಯ್ದು ಏನ್ ಮಾಡಾಕಿ? ನಮ್ಮ ಮನಿತನದ ಕುಡಿ ಅದು."

"ಕುಡಿ ಅಂತ ಈಗ ನೆನಪಾತೇನ್ರಿ ಅತ್ತೀ?" ಎಂದೆ.

ಅವನು ವಿಚಾರ ಮಾಡುತ್ತೇನೆಂದು ಕಳಿಸಿಬಿಟ್ಟ. ಮತ್ತೆ ಕರೆಸಿದಾಗ, ಅಂದು ನಮ್ಮ ಪಡಸಾಲೆಯಲ್ಲಿ ತೀರ್ಪು ಹೇಳಿದ್ದ ಹಿರಿಯ ಸಂಗಯ್ಯನವರನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಊಟದ ಹೊತ್ತು, ಜನ ತುಂಬಿತ್ತು.

"ಸಹಿ ಮಾಡ್ತೇನಿ," ಎಂದ. "ಆದ್ರ ನೀನೂ ಒಂದು ಬರದ ಕೊಡು. ನಾನಾಗೇ ಮನಿ ಬಿಟ್ಟು ಹೋಗೇನಿ, ಗಂಡಂದು ಏನೂ ತಪ್ಪಿಲ್ಲ ಅಂತ."

ಒಂದು ಕ್ಷಣ ಬರೆದುಬಿಡೋಣ ಅನ್ನಿಸಿತು, ನಿನಗೆ ಸುಳ್ಳು ಹೇಳಲಾರೆ. ಮಗಳ ಸಲುವಾಗಿ ಏನಾದರೂ ಬರೆದೇನು. ಆದರೆ ನಾಳೆ ಅದೇ ಕಾಗದ ಹಿಡಿದು ಅವನು ಊರೆಲ್ಲ ತಿರುಗುತ್ತಾನೆ, ಬೆಳೆದ ಮೇಲೆ ಅವಳಿಗೂ ತೋರಿಸುತ್ತಾನೆ. ಎದ್ದು ನಿಂತೆ.

"ಬರದ ಕೊಡಂಗಿಲ್ರಿ. ಮಳಿಯಾಗ ಕೂಸಿನ ಸಮೇತ ನನ್ನ ಬಸ್ ಸ್ಟ್ಯಾಂಡಿಗೆ ಬಿಟ್ಟು ಹ್ವಾದವ್ರು ನೀವು. ನಿಮ್ಮ ಸಹಿನೂ ಬ್ಯಾಡ, ಬಾದಾಮಿ ಕೋರ್ಟಿಗೆ ಹೋಗ್ತೇನಿ. ಅಲ್ಲೆ ಎಲ್ಲಾ ಖರೆ ಹೇಳ್ತೇನಿ. ಕಟಗೊಂಡ ಹೆಂಡ್ತಿ ಇರೂವಾಗ ಒಳಗ ರೊಟ್ಟಿ ಬಡ್ಯಾಕಿ ಯಾರು ಅನ್ನೂದನ್ನೂ ಹೇಳ್ತೇನಿ."

ಉಣ್ಣುತ್ತಿದ್ದವರ ಕೈ ನಿಂತವು. ಸಂಗಯ್ಯನವರು ಬೆವರು ಒರೆಸಿಕೊಂಡರು. "ಪ್ರಕಾಶಾ, ಸುಮ್ನ ಸಹಿ ಮಾಡಪಾ. ಕೋರ್ಟಿಗೆ ಹೋದ್ರ ನನ್ನನ್ನೂ ಕರಸ್ತಾರ."

ಮರುದಿನ ಬಾದಾಮಿಯ ನೋಟರಿ ವಕೀಲರ ಆಫೀಸಿಗೆ ಬಂದ. ವಕೀಲರು ಟೈಪ್ ಮಾಡುತ್ತಾ ಅವನನ್ನು ಕೇಳಿದರು, "ಮಗಳ ಪೂರ್ತಿ ಹೆಸರು ಹೇಳ್ರಿ."

ಅವನು ನನ್ನ ಮುಖ ನೋಡಿದ. ನೀಲಾಂಬಿಕಾ ಎಂದು ನಾನೇ ಹೇಳಿದೆ.

"ಹುಟ್ಟಿದ ತಾರೀಖು?"

ಮತ್ತೆ ನನ್ನ ಮುಖ. ವಕೀಲರು ಟೈಪ್ ಮಾಡುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು. "ತಂದಿ ನೀವ ಹೌದಲ್ರಿ?"

ಹೌದೆಂದು ಗೊಣಗಿ ಸಹಿ ಹಾಕಿದ. ಓದಲೂ ಇಲ್ಲ. ಈ ಮನುಷ್ಯನ ಸಹಿ ಇಲ್ಲದೆ ನನ್ನ ಮಗಳು ನನ್ನ ಮಗಳಲ್ಲವಂತೆ!

ಇರಲಿ. ಮೊನ್ನೆ ನೀಲಾಳ ವೀಸಾ ಬಂತು. ಜುಲೈಯಲ್ಲಿ ಬರುತ್ತೇವೆ. ನಮ್ಮವ್ವ ಗುರುಸಿದ್ದವ್ವ ಈಗಿನಿಂದಲೇ ಚಟ್ನಿಪುಡಿ ಕುಟ್ಟಿಸುತ್ತಿದ್ದಾಳೆ. ಅಲ್ಲಿನ ಚಳಿಗೆ ಯಾವ ಬಟ್ಟೆ ತರಬೇಕು, ತಿಳಿಸು. ನಿನ್ನ ಪುಟ್ಟ ಫರಹಾನಾಗೆ ನನ್ನ ಮುತ್ತು. ಅವಳು ದೇವರ ದಯೆಯಿಂದ ಆರೋಗ್ಯವಾಗಿ, ಗಟ್ಟಿ ಎದೆಯವಳಾಗಿ ಬೆಳೆಯಲಿ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಮಹೇಶ್ವರಿ

ತಾ.ಕ.: ಮೇಲೆ ಒಂದು ಸಂಗತಿ ಬಿಟ್ಟಿದ್ದೇನೆ. ಬಾದಾಮಿಗೆ ಹೋದ ದಿನ ನೀಲಾ ನನ್ನ ಜೊತೆಗಿದ್ದಳು. ರಜೆ ಇತ್ತು, ತಾನೂ ಬರುತ್ತೇನೆಂದು ಹಟ ಹಿಡಿದಳು, ಹೊಸ ಫ್ರಾಕು ತಾನೇ ಆರಿಸಿ ಹಾಕಿಕೊಂಡಳು. ವಕೀಲರ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದೆ. ಅವನೇ ಗುರುತು ಹಿಡಿಯಲಿ ಎಂದು ನಾನು ಬಾಯಿ ಬಿಡಲಿಲ್ಲ. ಸಹಿ ಮಾಡಿ ಅವಸರದಲ್ಲಿ ಹೊರಬಿದ್ದ. ಇವಳ ಕಾಲು ದಾರಿಗೆ ಅಡ್ಡ ಬಂತು. "ಸ್ವಲ್ಪ ಸರಕೋವಾ ತಂಗಿ" ಎಂದು ದಾಟಿ, ಬೈಕ್ ಹತ್ತಿ ಹೋದ. ಬಸ್ಸಿನಲ್ಲಿ ಹುನಗುಂದ ಬರುವ ತನಕ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಮೇಲೆ ಹೇಳಿದಳು: "ಅವ್ವಾ, ಅವರೇ ಅಪ್ಪ ಅಂತ ನಂಗ ಗೊತ್ತಿತ್ತು. ನಿನ್ನ ಮದವಿ ಫೋಟೋದಾಗ ನೋಡೇನಿ. ನಾ ಯಾರು ಅಂತ ಹೇಳಿದ್ರ ಸಹಿ ಅಳಿಸಿಬಿಡ್ತಾರೇನೋ ಅಂತ ಸುಮ್ನ ಸರದ್ನಿ."