ಅಪ್ಪನನ್ನು ಅಣಕಿಸಿದ ಬಾಯಿ

ಮಾರ್ಚ್ 14, ಗುರುವಾರ

ಚರ್ಚಿನ ಹಳೇ ಕಾರ್ಯದರ್ಶಿ ಇವತ್ತು ಹಲ್ಲಿನ ಸೆಟ್ಟು ಮಾಡಿಸಿಕೊಳ್ಳಲು ನನ್ನ ಹಲ್ಲಿನ ಕ್ಲಿನಿಕ್ಕಿಗೇ ಬಂದ. ನಾನು ಯಾರ ಮಗಳೆಂದು ಅವನಿಗೆ ಗುರುತು ಸಿಗಲಿಲ್ಲ. ಅಪ್ಪ ಆರಾಧನೆಯಲ್ಲಿ ಬೈಬಲ್ ವಾಕ್ಯ ಓದುವಾಗ ತೊದಲಿದ್ದನ್ನು ಅಣಕಿಸಿ ಎಲ್ಲರನ್ನೂ ನಗಿಸಿದವನು ಇವನೇ. ಆಮೇಲೆ ಅಪ್ಪ ಸಾಯುವವರೆಗೂ ಅಲ್ಲಿ ಬಾಯಿ ಬಿಡಲಿಲ್ಲ.

ಹಲ್ಲಿಲ್ಲದೆ ಅವನ ಮಾತು ಜಾರುತ್ತಿತ್ತು. "ಹೆಸರೇನಂದ್ರಿ? ಕೇಳಿಸ್ಲಿಲ್ಲ, ಜೋರಾಗಿ ಹೇಳಿ," ಎಂದೆ. ಕೇಳಿಸಿತ್ತು. ಆದರೂ ಮೂರು ಸಲ ಹೇಳಿಸಿದೆ. ಕಾಯುತ್ತಿದ್ದವರು ಕಿಸಕ್ಕೆಂದರು. ನನ್ನ ಹೊಟ್ಟೆ ತಣ್ಣಗಾಯಿತು.

ಅವನು ಅಂಗೈಯಿಂದ ಬಾಯಿ ಮುಚ್ಚಿಕೊಂಡು, "ತಪ್ಪು ತಿಳೀಬೇಡಮ್ಮ, ಮಾತು ಸರಿಯಾಗಿ ಬರ್ತಿಲ್ಲ," ಎಂದ.

ಅಪ್ಪನೂ ಹಾಗೇ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಒಬ್ಬರೇ ಪ್ರಾರ್ಥಿಸುವಾಗ ಇವನ ಹೆಸರನ್ನೂ ಹೇಳುತ್ತಿದ್ದರು, ಒಂದಕ್ಷರವೂ ತೊದಲದೆ. ಆಗ ನನಗೆ ಅಪ್ಪನ ಮೇಲೇ ಸಿಟ್ಟು ಬರುತ್ತಿತ್ತು.

ಯೇಸುವೇ, ನನ್ನ ಸೇಡಿನ ಮಧ್ಯೆ ಅಪ್ಪನನ್ನು ತಂದು ನಿಲ್ಲಿಸಿದ್ದು ನೀನೇ. ನೀನು ಇಷ್ಟು ಹತ್ತಿರ ಇದ್ದೀಯೆಂದು ಚರ್ಚಿನಲ್ಲಿ ಕೂತಾಗ ಎಂದೂ ಅನ್ನಿಸಿರಲಿಲ್ಲ. ಆದರೆ ಅವನನ್ನು ಕ್ಷಮಿಸೆಂದು ಇವತ್ತು ಕೇಳಬೇಡ.

ಸೆಟ್ಟಿನ ಮೇಲಿನ ಸಾಲು ಕೂದಲೆಳೆಯಷ್ಟು ಮುಂದಿದ್ದರೂ ಅವನು ಮಾತಾಡುವಾಗಲೆಲ್ಲ ಎಡವುತ್ತಾನೆ. ಸಂಜೆ ಮೇಣದ ಅಚ್ಚಿನಲ್ಲಿ ಹಲ್ಲುಗಳನ್ನು ಹಾಗೇ ಮುಂದಕ್ಕೆ ಇಟ್ಟೆ. ತುಂಬಾ ಹೊತ್ತು ನೋಡಿದೆ. ಕೊನೆಗೆ ಮೇಣ ಕರಗಿಸಿ ಸರಿಯಾಗಿ ಜೋಡಿಸಿದೆ. ಮನಸ್ಸಿರಲಿಲ್ಲ, ಆದರೂ ಜೋಡಿಸಿದೆ.

ಸೋಮವಾರ ಬರುತ್ತಾನೆ. ಸ್ಪಷ್ಟವಾಗಿ ಮಾತಾಡಲಿ. ಸೆಟ್ಟು ಹಾಕಿದ ಕೂಡಲೇ ಅವನ ಬಾಯಿಂದ ಅಪ್ಪನ ಹೆಸರನ್ನೇ ಹೇಳಿಸುತ್ತೇನೆ. ಅಷ್ಟಾದರೂ ನನಗೆ ಬಿಡು, ಸ್ವಾಮಿ. ಅಷ್ಟಾದರೂ...