ಬಂಡೆಗೆ ಪುರುಡು

ಏಪ್ರಿಲ್ 29, ಮಂಗಳವಾರ. ಬೆಳಗ್ಗೆ

ಹಸುವಿಗೆ ಹುಲ್ಲು ಹಾಕಿ ಬಂಡೆ ಹತ್ತಿದೆ. ದೊಣೆಯಲ್ಲಿ ಇನ್ನೂ ನೀರಿದೆ. ದೊಣೆ ಎನ್ನುವುದು ಹೆಸರಿಗೆ. ಮುದ್ದೆ ಉಣ್ಣುವ ತಟ್ಟೆಗಿಂತ ಸ್ವಲ್ಪ ಅಗಲದ ಗುಳಿ. ಅಕ್ಷಯಾ ಇಟ್ಟುಹೋದ ಸೆನ್ಸರ್, ವೈರು ಎರಡೂ ಕ್ಷೇಮ. ಕಾಗೆ ಓಡಿಸಿ, ಫೋಟೊ ತೆಗೆದು ಕಳಿಸಿದೆ. ಸೋದರಸೊಸೆಯ ಪಿಎಚ್.ಡಿ.ಯಲ್ಲಿ ಕಾಲು ಭಾಗ ನನ್ನದೇ. ನಾನು ಏಳನೇ ಕ್ಲಾಸಿಗೆ ಓದು ನಿಲ್ಲಿಸಿದ್ದು ಈಗ ವಸೂಲಾಯಿತು.

ಅವಳು ಹೇಳಿದ್ದು — ಭೂಮಿ ಹೊಸದಾಗಿದ್ದಾಗ ಹುಲ್ಲಿಲ್ಲ, ಹುಳುವಿಲ್ಲ, ನಾವು ಉಸಿರಾಡುವಂಥ ಗಾಳಿಯೂ ಇಲ್ಲ. ಬರೀ ಕಲ್ಲು, ನೀರು, ಬಿಸಿಲು. ಇಂಥ ಗುಳಿಗಳಲ್ಲಿ ನೀರು ಆರುವಾಗ ಅದರಲ್ಲಿ ಕರಗಿದ್ದ ಕಣಗಳು ಒತ್ತೊತ್ತಾಗಿ ಒಂದಕ್ಕೊಂದು ಬೆಸೆದವಂತೆ. ಮಳೆ ಬಂದು ನೆನೆಸಿತಂತೆ. ಮತ್ತೆ ಆರಿತಂತೆ. ಹಾಗೆ ಆಗಿ ಆಗಿ, ಒಂದು ಹೊತ್ತಿನಲ್ಲಿ ಜೀವ. "ಇರಬಹುದು ಮಾಮ, ಖಂಡಿತ ಅಂತ ಯಾರಿಗೂ ಗೊತ್ತಿಲ್ಲ" ಎಂದಳು.

ನಮ್ಮ ಬಂಡೆ ಎಷ್ಟು ಕಾಯುತ್ತದೆ, ದೊಣೆ ಹೇಗೆ ಆರುತ್ತದೆ, ಮಳೆಗೆ ಹೇಗೆ ತುಂಬುತ್ತದೆ — ಇದನ್ನು ಅಳೆದು ಲ್ಯಾಬಿನಲ್ಲಿ ಅದೇ ಥರ ಮಾಡಿ ನೋಡುತ್ತಾಳೆ. ಹೋದ ವರ್ಷ ಕೋತಿಗಳು ವೈರು ಕಿತ್ತವು. ಈ ಬೇಸಿಗೆಯೂ ಆರಿ ಮತ್ತೆ ಮಳೆಗೆ ತುಂಬುವ ಒಂದು ಪೂರ್ತಿ ಸುತ್ತು ಸಿಗದಿದ್ದರೆ ಬೇರೆ ವಿಷಯ ನೋಡಿಕೋ ಎಂದಿದ್ದಾರಂತೆ ಅವಳ ಗೈಡು. ಕಾವಲು ನನ್ನದು.

ಮೇ 1, ಗುರುವಾರ

ರಾಜಾನುಕುಂಟೆಗೆ ಹೋಗಿದ್ದೆ. ನಾಗಲಿಂಗಪ್ಪನ ಹೋಟೆಲಿನಲ್ಲಿ ಅವನ ಹೊಸ ಲೇಔಟಿನ ಪುರಾಣ ನಡೆದಿತ್ತು. ಎಷ್ಟು ಹೊತ್ತು ಕೇಳುವುದು… ನಿನ್ನ ಸೈಟಿರಲಿ, ಆನೆ ಇರುವೆ ಆದಿಯಾಗಿ ಸಕಲ ಜೀವಕ್ಕೂ ತವರುಮನೆ ನನ್ನ ಬಂಡೆ, ಸೈನ್ಸೇ ಹೇಳಿದೆ ಎಂದೆ. ಹೋಟೆಲಿನವರೆಲ್ಲ ನನ್ನ ಕಡೆ ತಿರುಗಿದರು. "ಇರಬಹುದು" ಅನ್ನುವ ಒಂದು ಮಾತನ್ನು ಕಾಫಿ ಜೊತೆ ನುಂಗಿಬಿಟ್ಟೆ.

ಮೇ 2, ಶುಕ್ರವಾರ

ಬೆಳಗ್ಗೆಯೇ ವರಲಕ್ಷ್ಮಮ್ಮ, ಹಿಂದಿನ ಬೀದಿಯವಳು, ನಾಲ್ಕೈದು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಅರಿಸಿನ, ಕುಂಕುಮ, ಒಂದು ತಂಬಿಗೆ ಹಾಲು. ಲೋಕವನ್ನೇ ಹೆತ್ತ ತಾಯಿ ಒಣಗಿ ಕೂತಿದ್ದರೆ ನೋಡಿಕೊಂಡಿರುವುದು ಹೇಗೆ ಎಂದಳು. ದೊಣೆಗೆ ಹಾಲೆರೆದರು. ನನ್ನ ಎದೆ ಉಬ್ಬಿತ್ತು. ಕಾಯಿ ಒಡೆದವನು ನಾನೇ.

ಮೇ 3, ಶನಿವಾರ

ಅಕ್ಷಯಾ ಬಂದಳು. ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿಸಿ ಬಂಡೆಯ ಮೇಲೆ ಹಾಗೇ ಕೂತುಬಿಟ್ಟಳು.

"ಹಾಲಿನ ಜಿಡ್ಡು ಮೇಲೆ ನಿಂತ್ರೆ ನೀರು ಸರಿಯಾಗಿ ಆರಲ್ಲ ಮಾಮ. ಇಷ್ಟು ದಿನದ್ದು ಹೋಯ್ತು."

ಇಬ್ಬರೂ ಸೇರಿ ಬಟ್ಟೆಯಲ್ಲಿ ಒರೆಸಿ, ತೊಳೆದು, ಹಿಡಿದಿಟ್ಟಿದ್ದ ಮಳೆನೀರು ತುಂಬಿದೆವು. ಮೊದಲಿನಿಂದ ಶುರು. ಮುಂದಿನ ಮಳೆಗೆ ಮುಂಚೆ ಆರಬೇಕು. ಹೋಗುವಾಗ "ನೀವಿದ್ದೀರಲ್ಲ" ಎಂದಳು. ಊಟ ಸೇರಲಿಲ್ಲ.

ಮೇ 5, ಸೋಮವಾರ

ವರಲಕ್ಷ್ಮಮ್ಮನಿಗೆ ಬರಬೇಡವೆಂದು ಹೇಳಿ ನೋಡಿದೆ. "ತಾಯಿಗೆ ಆಲೆರೆಯೋಕೆ ನಿನ್ನ ಅಪ್ಪಣೆ ಬೇಕೇನ್ಲಾ? ನೀನೇ ತಾನೇ ಊರಿಗೆಲ್ಲ ಸಾರಿದ್ದು" ಎಂದಳು. ನಿಜ. ಬರುವ ಶುಕ್ರವಾರ ಅಬ್ಬಿಗೆರೆಯ ನೆಂಟರನ್ನೂ ಕರೆತರುತ್ತಾಳಂತೆ.

ಸಂಜೆ

ಹೊಳೆಯಿತು! ಬಂಡೆಗೆ ಪುರುಡು, ಹೆರಿಗೆಯ ಸೂತಕ. ಹೆತ್ತ ಮನೆಯಲ್ಲಿ ಪುರುಡು ಕಳೆಯುವ ತನಕ ಯಾರಾದರೂ ಪೂಜೆ ಮಾಡುತ್ತಾರೆಯೇ? ಮುಟ್ಟುತ್ತಾರೆಯೇ? ಹೆಂಡತಿಗೆ ಹೇಳಿದೆ. ಪಟಾಲಮ್ಮ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

"ಮಗು ಗಂಡೋ ಎಣ್ಣೋ?"

"ಅಕ್ಷಯಾನೇ ಹೇಳ್ಬೇಕು."

"ಸರಿ. ಬೀದಿಗೆ ನಾನು ಏಳ್ತೀನಿ. ನೀವು ಏಳಿದ್ರೆ ಅವಳಿ ಜವಳಿ ಅಂದ್ಬಿಡ್ತೀರ."

ಮೇ 9, ಶುಕ್ರವಾರ

ಬಂಡೆಯ ಹತ್ತಿರ ಒಂದು ನರಪಿಳ್ಳೆ ಇಲ್ಲ. ವರಲಕ್ಷ್ಮಮ್ಮ ದೂರದಿಂದಲೇ ಕೈಮುಗಿದು, ಬಾಣಂತಿಗೆಂದು ಅನ್ನ, ಮೆಣಸಿನ ಸಾರು ಬೇಲಿ ಹತ್ತಿರ ಇಟ್ಟುಹೋದಳು. ಬಾಣಂತಿಯ ಪರವಾಗಿ ನಾನು ಉಂಡೆ. ಒಳ್ಳೆಯ ಕೈ ಅವಳದು. ಆ ಹೆಂಗಸನ್ನು ಬೈದುಕೊಂಡಿದ್ದೆನಲ್ಲ… ಕಲ್ಲಿಗೂ ಹಸಿವಾದೀತು ಎಂದು ಅಡುಗೆ ಮಾಡುವವರು ಎಷ್ಟು ಜನ ಇದ್ದಾರು?

ಮೇ 12, ಸೋಮವಾರ. ಮಧ್ಯಾಹ್ನ

ಆರಿತು. ತಳದಲ್ಲಿ ಬಿಳಿ ಬಳೆಯಂಥ ಉಪ್ಪಿನ ಗೆರೆ. ಫೋಟೊ ಕಳಿಸಿದೆ. ಅಕ್ಷಯಾ ಫೋನು ಮಾಡಿ ಗೆರೆ ಎಷ್ಟು ಅಗಲ ಎಂದು ಎರಡು ಸಲ ಕೇಳಿದಳು. ಆಮೇಲೆ, ಇನ್ನು ಮಳೆಯೊಂದು ಬಂದರೆ ಸುತ್ತು ಪೂರ್ತಿ ಎಂದಳು.

ಗೆರೆಯ ಪಕ್ಕ ಕೂತಿದ್ದೆ. ಮುಟ್ಟಲಿಲ್ಲ. ನನ್ನ ಅಜ್ಜಂದಿರ ಅಜ್ಜಂದಿರಾಚೆ, ಕೋತಿಯಾಚೆ, ಮೀನಿನಾಚೆ, ಇಂಥದೇ ಒಂದು ಕಲೆ ಯಾವುದೋ ಕಲ್ಲಿಗೆ ಅಂಟಿಕೊಂಡು ಮಳೆಗೆ ಕಾದಿತ್ತು. ಆಗ ಹಾಲೆರೆಯುವವರಿಲ್ಲ, ಕಾವಲಿಗೆ ಮಾಮನಿಲ್ಲ. ಆದರೂ ಬಿಡಲಿಲ್ಲ. ಅದರಿಂದ ಹಸು, ಪಟಾಲಮ್ಮ, ಅಕ್ಷಯಾ, ಮೆಣಸಿನ ಸಾರು, ನಾನು. ನಾಗಲಿಂಗಪ್ಪನೂ. ಯಾರಿಗೆ ಕೈಮುಗಿಯಬೇಕೋ ತಿಳಿಯದೆ ಬಿಸಿಲಿಗೇ ಮುಗಿದೆ.

ಹಾಗೆ ಇದ್ದಿರಬಹುದು. ಇರಬಹುದು ಎಂದೇ ಬರೆದಿದ್ದೇನೆ.

ಮೇ 14, ಬುಧವಾರ. ಸಂಜೆ ನಾಲ್ಕು

ದೊಡ್ಡಬಳ್ಳಾಪುರದ ಕಡೆ ಕಪ್ಪಾಗಿದೆ. ಮಣ್ಣಿನ ವಾಸನೆ. ಅಕ್ಷಯಾ ಯಲಹಂಕದಲ್ಲಿ ಬಸ್ಸು ಹತ್ತಿದ್ದಾಳಂತೆ. ತಗಡಿನ ಮೇಲೆ ಒಂದು ಹನಿ… ಇನ್ನೊಂದು. ಪಟಾಲಮ್ಮ ಕೊಡೆ ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ — "ಬರ್ದಿದ್ದು ಸಾಕು, ಮಗು ನೋಡೋಕೆ ಬನ್ನಿ" — ಅವಳೂ ಬರುತ್ತಾಳಂತೆ, ಬಂಡೆಯ ತನಕ —