ಮಾನಮ್ಮನ ಕಾಲಿನ ಸೀಳು

ಶಹಾಪುರ
೧೪ ನವೆಂಬರ್ ೨೦೨೪

ಪ್ರೀತಿಯ ಪರಿಮಳಾ,

ನೀನೂ ಮಗುವೂ ಆರೋಗ್ಯವೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಬೈಯಬೇಡ. ಫೋನ್ ಮಾಡಬಹುದಿತ್ತು, ಆದರೆ ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ, ಹೇಳಬೇಕಾದ್ದು ಉಳಿದುಬಿಡುತ್ತದೆ. ಅವ್ವ ಆರಾಮಾಗಿದ್ದಾಳೆ, ನಿನ್ನನ್ನು ಕೇಳುತ್ತಿರುತ್ತಾಳೆ.

ದಸರೆಗೆ ಮುಂಚೆ ನಮ್ಮ ಪ್ಲಾಸ್ಟಿಕ್ ಪರೀಕ್ಷೆಯ ಲ್ಯಾಬಿಗೆ ಒಂದು ಮುರಿದ ಕೃತಕ ಕಾಲು ಬಂತು. ಕೊಂಕಲ್‌ನ ಮಾನಮ್ಮ ಎಂಬ ಕೂಲಿ ಹೆಂಗಸಿನದು. ಹಾವು ಕಚ್ಚಿ ಆಕೆಯ ಕಾಲು ಹೋಗಿತ್ತು. ಯಾವುದೋ ಶಿಬಿರದಲ್ಲಿ ಆಕೆಗೂ ಇನ್ನೂ ನಲವತ್ತು ಮಂದಿಗೂ ಪ್ಲಾಸ್ಟಿಕ್ ಕಾಲು ಹಂಚಿದ್ದರು. ಐದೇ ತಿಂಗಳಲ್ಲಿ ಹಿಮ್ಮಡಿಯ ಮೇಲೆ ಸೀಳು ಬಿಟ್ಟಿದೆ. ಹೊಲದ ಬದು ಇಳಿಯುವಾಗ ಬಿದ್ದು ಮುಂಗೈ ಮುರಿದುಕೊಂಡಳು. ಕಾಲನ್ನು ಗೊಬ್ಬರದ ಚೀಲದಲ್ಲಿ ತಂದವನು ಆಕೆಯ ಗಂಡ ಹುಲಗಪ್ಪ.

“ಇದು ಮುರಿಯಂಗಿಲ್ಲ ಅಂದಿದ್ರು ಬಾಯೋರ. ಹಂಗಾದ್ರ ಹ್ಯಾಂಗ ಮುರೀತು?” ಎಂದ.

ಆ ಕಾಲು ಮಾಡಿದ ಪ್ಲಾಸ್ಟಿಕ್ ಮಾಲು ನಮ್ಮ ಲ್ಯಾಬಿನಲ್ಲೇ ಪಾಸಾಗಿತ್ತು. ಎಳೆದಾಗ ಎರಡರಷ್ಟು ಹಿಗ್ಗಿತ್ತು, ಮುರಿದಿರಲಿಲ್ಲ. ಆದರೆ ಹಿಗ್ಗುವುದು ಬೇರೆ, ಒಮ್ಮೆ ಬಿಟ್ಟ ಸೀಳನ್ನು ತಡೆಯುವುದು ಬೇರೆ. ಗಾಜು ಫಟ್ಟನೆ ಒಡೆಯುತ್ತದೆ, ಅದಕ್ಕೆ ಒಂದೇ ಅಳತೆ ಸಾಕು. ಇಂಥ ಮೆತು ಪ್ಲಾಸ್ಟಿಕ್‌ನಲ್ಲಿ ಸೀಳಿನ ತುದಿ ಮೊದಲು ಮೊಂಡಾಗುತ್ತದೆ, ಆಮೇಲೆ ಕೂದಲೆಳೆಯಷ್ಟು ಸರಿಯುತ್ತದೆ, ನಿಲ್ಲುತ್ತದೆ, ಮತ್ತೆ ಸರಿಯುತ್ತದೆ. ಅದನ್ನು ಹಲವು ತುಂಡುಗಳಲ್ಲಿ ಅಳೆಯಬೇಕು.

ಲ್ಯಾಬಿನಲ್ಲಿ ಉಳಿದಿದ್ದ ಅದೇ ಮಾಲಿನ ಹಲಗೆಯಿಂದ ಎಂಟು ತುಂಡು ಕತ್ತರಿಸಿ, ಹೊಸ ಬ್ಲೇಡಿನಿಂದ ಒಂದೊಂದಕ್ಕೂ ಸೀಳು ಮಾಡಿ, ಬೇರೆ ಬೇರೆ ಮಟ್ಟಕ್ಕೆ ಬಗ್ಗಿಸಿದೆ. ಒಳಗೆ ಸೀಳು ಎಷ್ಟು ಬೆಳೆದಿದೆ ಎಂದು ನೋಡಲು ತುಂಡನ್ನು ಮಂಜಿಗಿಂತ ತಣ್ಣನೆಯ ದ್ರವ ಸಾರಜನಕದಲ್ಲಿ ಅದ್ದಿ, ಗಾಜಿನಂತೆ ಮುರಿಯಬೇಕು. ಅದು ನಮ್ಮಲ್ಲಿಲ್ಲ. ಹೋರಿಯ ವೀರ್ಯ ಕೆಡದಂತೆ ಇಡಲು ಪಶು ಆಸ್ಪತ್ರೆಯಲ್ಲಿ ಇರುತ್ತದಲ್ಲ, ಅಲ್ಲಿನ ಸರದಾರಸಾಬನನ್ನು ಕೇಳಿದೆ.

“ಎಮ್ಮಿಗೆ ಬೇಕೇನ್ರಿ?”

“ಒಬ್ಬ ಹೆಣ್ಮಗಳ ಕಾಲಿಗೆ.”

ಒಂದು ಡಬ್ಬಿ ತುಂಬಿಕೊಟ್ಟ.

ಸೂಕ್ಷ್ಮದರ್ಶಕದಲ್ಲಿ ಎಂಟನ್ನೂ ಅಳೆದೆ. ಒಳ್ಳೆಯ ಮಾಲು ಸೀಳನ್ನು ತಡೆಯುವುದರಲ್ಲಿ ಮೂರರಲ್ಲೊಂದು ಪಾಲನ್ನೂ ಇದು ತಡೆದಿರಲಿಲ್ಲ. ವರದಿ ಬರೆದು ನಮ್ಮ ಮುಖ್ಯಸ್ಥ ಭೀಮಾಶಂಕರರ ಮುಂದಿಟ್ಟೆ. ಅವರು ಕೆಟ್ಟವರಲ್ಲ, ಎರಡು ಸಲ ಓದಿದರು.

“ಖರೇ ಅದ ಉಮಾ. ಆದ್ರ ಟೆಂಡರಿನ್ಯಾಗ ಎಳೆಯೋ ಪರೀಕ್ಷಾ ಅಷ್ಟೇ ಬರದಾರ. ಕೇಳಲಾರದ ಪರೀಕ್ಷಾದಾಗ ಫೇಲ್ ಅಂತ ಹ್ಯಾಂಗ ಕಳಸ್ಲಿ?”

ಕಾಲು ತಯಾರಿಸಿದ ಕಂಪನಿಗೆ ನಾನೇ ಕಳಿಸಿದೆ. ಕಂಪನಿಯಿಂದ ಎರಡು ಸಾಲಿನ ಉತ್ತರ ಬಂತು: ಮಾಲು ನಿಯಮದಂತಿದೆ. ಉಳಿದ ನಲವತ್ತು ಮಂದಿಯ ವಿಳಾಸ ಕೇಳಿದರೆ ಶಿಬಿರದವರು ಫೋನನ್ನೇ ಎತ್ತುತ್ತಿಲ್ಲ.

ಹೋದ ಭಾನುವಾರ ಕೊಂಕಲ್‌ಗೆ ಹೋಗಿದ್ದೆ. ಮಾನಮ್ಮ ಕಟ್ಟೆಯ ಮೇಲೆ ಕೂತು ಅದೇ ಕಾಲು ಕಟ್ಟಿಕೊಳ್ಳುತ್ತಿದ್ದಳು. ಹುಲಗಪ್ಪ ಅದನ್ನು ಲ್ಯಾಬಿನಿಂದ ಒಯ್ದು, ಸೀಳಿನ ಸುತ್ತ ಸೈಕಲ್ ಟ್ಯೂಬು ಬಿಗಿದಿದ್ದ.

“ಇದನ್ನ ಹಾಕ್ಕೋಬ್ಯಾಡವ್ವ, ಮತ್ತ ಮುರೀತದ” ಎಂದೆ.

“ಗೊತ್ತದ ಬಾಯಿ. ಹಾಕ್ಕೋಳ್ಳಿಲ್ಲಂದ್ರ ನೀರಿಗಿ ಹ್ಯಾಂಗ ಹೋಗ್ಲಿ? ಬೀಳೂತನಾ ನಡೀತೀನಿ.” ಆಮೇಲೆ ನನ್ನ ಮುಖ ನೋಡಿ, “ನೀ ಯಾಕ ಅಳಾಕತ್ತಿ? ನೀ ಏನ್ ಮಾಡೀಯವ್ವ ಪಾಪ?” ಎಂದಳು.

ಕಾಲು ಬಿಗಿದುಕೊಂಡು ಎದ್ದು, ಒಳಗಿನಿಂದ ಮಜ್ಜಿಗೆ ತಂದುಕೊಟ್ಟಳು.

ಇರಲಿ. ಮಗು ಹೆಜ್ಜೆ ಹಾಕತೊಡಗಿದೆ ಎಂದು ನೀನು ಬರೆದಿದ್ದೆ. ಅದರ ಹೆಜ್ಜೆ ಗಟ್ಟಿಯಾಗಲಿ, ನಿನ್ನ ಮನೆ ತಂಪಾಗಿರಲಿ.

ನಿನ್ನ
ಉಮಾಶ್ರೀ

ಮರೆತ ಮಾತು: ಆ ಮೊದಲ ಪಾಸ್ ಸರ್ಟಿಫಿಕೇಟಿಗೆ ಸಹಿ ಹಾಕಿದವಳು ನಾನೇ, ಪರಿಮಳಾ. ಸೀಳಿನ ಪರೀಕ್ಷೆಯನ್ನೂ ಮಾಡಬೇಕೆಂದು ಆಗಲೇ ಅನಿಸಿತ್ತು. ಶನಿವಾರವಾಗಿತ್ತು, ಬಸ್ಸು ತಪ್ಪುತ್ತದೆಂದು ಹೊರಟುಬಿಟ್ಟೆ. ಇದನ್ನು ಹೇಳಲೆಂದೇ ಕೊಂಕಲ್‌ಗೆ ಹೋಗಿದ್ದೆ. ಮಾನಮ್ಮ ಕೊಟ್ಟ ಮಜ್ಜಿಗೆ ಕುಡಿದು, ಹೇಳದೆ ಬಂದೆ.